ಕೂಲಿಗೆ ಆಡಿದವರು

ಚೆಂಡು ಚರ್ಮದ್ದು. ಮಾತು ಇಲ್ಲಿಂದಲೇ ಶುರುವಾಗಲಿ.

ಇಂಗ್ಲೆಂಡಿನ ರಗ್ಬಿ ಎಂಬ ಊರಿನಲ್ಲಿ ರಿಚರ್ಡ್ ಲಿಂಡನ್ ಅಂತ ಒಬ್ಬ ಬೂಟು ಹೊಲಿಯುವವನಿದ್ದ. ಅಲ್ಲಿನ ದೊಡ್ಡವರ ಶಾಲೆಯ ಹುಡುಗರಿಗೆ ಬೂಟಿನ ಜೊತೆಗೆ ಚೆಂಡನ್ನೂ ಹೊಲಿದು ಕೊಡುತ್ತಿದ್ದ. ಮೇಲೆ ಚರ್ಮ, ಒಳಗೆ ಹಂದಿಯ ಮೂತ್ರಕೋಶ. ಆ ಹಸಿ ಚೀಲಕ್ಕೆ ಬಾಯಿಟ್ಟು ಗಾಳಿ ಊದುವ ಕೆಲಸ ಅವನ ಹೆಂಡತಿಯದು. ರೋಗ ಹತ್ತಿದ ಚೀಲಗಳನ್ನು ಊದಿ ಊದಿ ಶ್ವಾಸಕೋಶದ ಕಾಯಿಲೆಯಿಂದ ಆಕೆ ಸತ್ತಳು ಅಂತ ಹೇಳುತ್ತಾ ಬಂದಿದ್ದಾರೆ. ಆಮೇಲೆ ಲಿಂಡನ್ ರಬ್ಬರಿನ ಚೀಲಕ್ಕೆ ಕೈಹಾಕಿದ. ಉಸಿರು ಕೊಟ್ಟವಳು ಮಣ್ಣಾದಳು, ಚೆಂಡು ಪುಟಿಯುತ್ತಾ ಹೋಯಿತು. ಚರ್ಮದ ವಾಸನೆ ಗೊತ್ತಿರುವ ನಾವು ಫುಟ್‌ಬಾಲಿನ ಚರಿತ್ರೆಯನ್ನು ಓದಬೇಕಾದದ್ದು ಈ ಕಡೆಯಿಂದ. ಗೋಲು ಹೊಡೆದವರ ಪಟ್ಟಿ ಆಮೇಲೆ ನೋಡೋಣ.

ದುಡ್ಡು ಪಡೆದು ಆಡುವವರ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಅಂತ ಒಂದು ಜಗತ್ತಿನಲ್ಲಿ ಮೊದಲ ಸಲ ನಡೆದದ್ದು ಇಂಗ್ಲೆಂಡಿನಲ್ಲಿ, 1888-89ರಲ್ಲಿ. ಆ ವರ್ಷ ಯಾರು ಗೆದ್ದರು, ಎಷ್ಟು ಗೋಲು ಹೊಡೆದರು ಅನ್ನುವುದು ಎಲ್ಲ ಪುಸ್ತಕಗಳಲ್ಲೂ ಇದೆ. ಆಡಿದ ಕಾಲುಗಳು ಯಾರವು, ಆ ಕಾಲುಗಳ ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು ಅನ್ನುವುದೇ ನಮ್ಮ ಪ್ರಶ್ನೆ.

1

ಆಟ ಮೊದಲು ಎಲ್ಲರದೂ ಆಗಿತ್ತು. ಹಬ್ಬದ ದಿನ ಊರಿಗೆ ಊರೇ ಬೀದಿಗಿಳಿದು ಒದೆಯುತ್ತಿದ್ದ ಚೆಂಡು ಅದು. ದೊಡ್ಡವರ ಮಕ್ಕಳು ಓದುವ ಶಾಲೆಗಳು ಅದನ್ನು ಎತ್ತಿಕೊಂಡು ಹೋಗಿ ನಿಯಮ ಕಟ್ಟಿದವು. 1863ರಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಕೂತು ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿಕೊಂಡರು. ಅವರ ನಿಯಮಗಳ ಹಿಂದೆ ಬರೆಯದ ಒಂದು ನಿಯಮವಿತ್ತು: ಮರ್ಯಾದಸ್ಥ ಆಟಕ್ಕಾಗಿ ಆಡುತ್ತಾನೆ, ದುಡ್ಡಿಗಾಗಿ ಆಡುವುದಿಲ್ಲ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ! ಹೊಟ್ಟೆ ತುಂಬಿದವನಿಗೆ ಇದು ತತ್ವ. ಗಿರಣಿಯಲ್ಲಿ ದುಡಿಯುವವನು ಒಂದು ದಿನ ಆಟಕ್ಕೆ ಹೋದರೆ ಆ ದಿನದ ಕೂಲಿ ಖೋತಾ. ದುಡ್ಡು ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಅಂತ ಹೇಳಿದವರು ಬೇರೆ ಯಾರದೋ ದುಡಿಮೆಯ ದುಡ್ಡಿನಲ್ಲೇ ಬೆಳೆದವರು. ಇಂಥ ಮಡಿವಂತಿಕೆಯನ್ನು ನಮಗೆ ಯಾರೂ ಹೊಸದಾಗಿ ವಿವರಿಸಬೇಕಾಗಿಲ್ಲ.

ಆದರೆ ಗಿರಣಿಯವರು ಸುಮ್ಮನೆ ಕೂರಲಿಲ್ಲ. ಅವರಿಗೆ ಶನಿವಾರದ ಮಧ್ಯಾಹ್ನ ಸಿಕ್ಕಿದ್ದೇ ಹೋರಾಟದಿಂದ. ಕೆಲಸದ ವೇಳೆ ಇಳಿಸಬೇಕೆಂದು ದಶಕಗಟ್ಟಲೆ ಕೂಗಿದ ಮೇಲೆ 1850ರ ಕಾರ್ಖಾನೆ ಕಾಯ್ದೆ ಬಂತು. ಬಟ್ಟೆ ಗಿರಣಿಗಳಲ್ಲಿ ಹೆಂಗಸರು, ಎಳೆಯರು ಶನಿವಾರ ಮಧ್ಯಾಹ್ನ 2 ಗಂಟೆಯ ಮೇಲೆ ದುಡಿಯಕೂಡದು ಅಂತ ಆಯಿತು. ಅವರಿಲ್ಲದೆ ಯಂತ್ರ ಓಡಿಸಿ ಲಾಭವಿಲ್ಲ, ಹೀಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಇಂಗ್ಲಿಷ್ ಫುಟ್‌ಬಾಲ್ ಶನಿವಾರ ಮಧ್ಯಾಹ್ನದ ಆಟವಾದದ್ದು ಯಾವ ದೇವರ ವರದಿಂದಲೂ ಅಲ್ಲ, ಈ ಕಾಯ್ದೆಗಳಿಂದ.

ಮುಂದೆ ಲೀಗು ಗೆದ್ದ ಪ್ರೆಸ್ಟನ್ ಊರನ್ನೇ ತೆಗೆದುಕೊಳ್ಳಿ. ಲ್ಯಾಂಕಾಷೈರಿನ ಹತ್ತಿ ಗಿರಣಿಯ ಊರು. 1842ರ ಆಗಸ್ಟಿನಲ್ಲಿ ಕೂಲಿ ಇಳಿಸಬೇಡಿ ಅಂತ ಬೀದಿಗೆ ಬಂದ ಕಾರ್ಮಿಕರ ಮೇಲೆ ಅಲ್ಲಿನ ಲೂನ್ ಬೀದಿಯಲ್ಲಿ ಸಿಪಾಯಿಗಳು ಗುಂಡು ಹಾರಿಸಿದರು. ನಾಲ್ವರು ಸತ್ತರು. 1853ರಲ್ಲಿ ಕೂಲಿ ನೂರಕ್ಕೆ ಹತ್ತು ಏರಿಸಿ ಎಂದು ಕೇಳಿದ್ದಕ್ಕೆ ಧಣಿಗಳು ಗಿರಣಿಗಳಿಗೇ ಬೀಗ ಜಡಿದರು. ತಿಂಗಳುಗಟ್ಟಲೆ ಉಪವಾಸ ಬಿದ್ದು ಕೊನೆಗೆ 1854ರಲ್ಲಿ ಕಾರ್ಮಿಕರು ಸೋತು ಒಳಗೆ ಹೋದರು. ಇದು ಆದ ಒಂದು ತಲೆಮಾರಿಗೆ ಅದೇ ಊರಿನಲ್ಲಿ, ಅದೇ ಜನರ ಎದುರಿಗೆ ಚೆಂಡು ಉರುಳಿತು.

2

1879ರಲ್ಲಿ ಡಾರ್ವೆನ್ ಎಂಬ ಸಣ್ಣ ಗಿರಣಿ ಊರಿನ ತಂಡ ಕಪ್ ಪಂದ್ಯಕ್ಕೆ ಲಂಡನ್ನಿಗೆ ಹೋಯಿತು. ಎದುರಿಗೆ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳು. ನಾಲ್ಕು ಗೋಲು ಹಿಂದೆ ಬಿದ್ದಿದ್ದ ಡಾರ್ವೆನ್ ಐದಕ್ಕೆ ಐದು ಸಮ ಮಾಡಿತು. ಹೆಚ್ಚಿನ ಹೊತ್ತು ಆಡಿ ಇವತ್ತೇ ಮುಗಿಸೋಣ ಅಂದರೆ ಈಟನ್ನಿನವರು ಒಲ್ಲೆ ಅಂದರು. ಗಿರಣಿಯವರು ಊರಿಗೆ ಮರಳಿ, ಚಂದಾ ಎತ್ತಿ, ಮತ್ತೆ ರೈಲು ಹತ್ತಿದರು. ಎರಡಕ್ಕೆ ಎರಡು, ಮತ್ತೆ ಸಮ. ಮೂರನೆಯ ಸಲ ಹೋದಾಗ ಆರಕ್ಕೆ ಎರಡರಿಂದ ಸೋತರು. ಮೂರೂ ಪಂದ್ಯ ಲಂಡನ್ನಿನಲ್ಲೇ. ದಣಿದ ಕಾಲು ಯಾರದು, ತಣ್ಣಗೆ ಕೂತು ಕಾದವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ತಂಡದಲ್ಲಿ ಫರ್ಗಸ್ ಸೂಟರ್ ಅಂತ ಸ್ಕಾಟ್ಲೆಂಡಿನ ಕಲ್ಲುಕುಟಿಗನಿದ್ದ. ಇಂಗ್ಲೆಂಡಿನ ಕಲ್ಲು ಬಲು ಗಟ್ಟಿ, ಕೈಗೆ ಒಗ್ಗುವುದಿಲ್ಲ ಅಂತ ಹೇಳಿ ಉಳಿ ಕೆಳಗಿಟ್ಟ. ಕಲ್ಲು ಕುಟ್ಟದಿದ್ದರೂ ಹೊಟ್ಟೆಪಾಡು ನಡೆಯಿತು. ಹೇಗೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಅದೇ ಈಟನ್ನಿನವರನ್ನು ಫೈನಲಿನಲ್ಲಿ ಎರಡಕ್ಕೆ ಒಂದರಿಂದ ಸೋಲಿಸಿ ಕಪ್ ಎತ್ತಿಕೊಂಡು ಹೋಯಿತು. ನೇಯುವವರು, ನೂಲುವವರು, ಕಬ್ಬಿಣದ ಕೆಲಸದವರು, ನಲ್ಲಿ ಕೆಲಸದವನು ಇದ್ದ ತಂಡ. ಅಲ್ಲಿಂದ ಮುಂದೆ ಹಳೆಯ ವಿದ್ಯಾರ್ಥಿಗಳ ಯಾವ ತಂಡಕ್ಕೂ ಆ ಕಪ್ ದಕ್ಕಲಿಲ್ಲ. ಸೋತ ಮೇಲೆಯೇ ಆಟದ ಪಾವಿತ್ರ್ಯದ ಮಾತು ಜೋರಾಯಿತು. 1884ರಲ್ಲಿ ಲಂಡನ್ನಿನ ಒಂದು ತಂಡ ದೂರು ಕೊಟ್ಟಿತು: ಪ್ರೆಸ್ಟನ್ನಿನವರು ಆಟಗಾರರಿಗೆ ದುಡ್ಡು ಕೊಡುತ್ತಾರೆ. ಪ್ರೆಸ್ಟನ್ ತಂಡದ ಮುಖ್ಯಸ್ಥ ವಿಲಿಯಂ ಸಡೆಲ್ ಹೌದು ಅಂದ. ಎಲ್ಲರೂ ಮಾಡುವುದನ್ನೇ ನಾವೂ ಮಾಡಿದ್ದೇವೆ ಅನ್ನುವುದು ಅವನ ವಾದ. ತಂಡವನ್ನು ಕಪ್ಪಿನಿಂದ ಹೊರಹಾಕಿದರು. ಉತ್ತರದ ಕ್ಲಬ್ಬುಗಳು ನಮ್ಮದೇ ಬೇರೆ ಸಂಘ ಕಟ್ಟುತ್ತೇವೆ ಅಂತ ಎದ್ದು ನಿಂತ ಮೇಲೆ, 1885ರ ಜುಲೈನಲ್ಲಿ, ಅಸೋಸಿಯೇಷನ್ ಬಗ್ಗಿತು. ದುಡ್ಡು ಪಡೆದು ಆಡಬಹುದು ಅಂತಾಯಿತು.

ಆಯಿತು, ಆದರೆ ಹೇಗೆ? ಕೂಲಿ ಪಡೆಯುವ ಆಟಗಾರ ಅಸೋಸಿಯೇಷನ್ನಿನ ಯಾವ ಸಮಿತಿಯಲ್ಲೂ ಕೂರುವಂತಿಲ್ಲ. ಅದರ ಸಭೆಯಲ್ಲಿ ತನ್ನ ಕ್ಲಬ್ಬಿನ ಪರವಾಗಿಯೂ ಮಾತಾಡುವಂತಿಲ್ಲ. ಅಂಗಳಕ್ಕೆ ಬಾ, ಒಳಮನೆಗೆ ಬರಬೇಡ. ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಜೇಮ್ಸ್ ಫಾರೆಸ್ಟ್ ಇಂಗ್ಲೆಂಡಿನ ಪರವಾಗಿ ಸ್ಕಾಟ್ಲೆಂಡಿನ ಎದುರು ಆಡಲಿಳಿದಾಗ, ಇವನು ಕೂಲಿಯವನು ಅಂತ ಗುರುತು ಸಿಗಲೆಂದು ಉಳಿದ ಹತ್ತು ಜನರಿಗಿಂತ ಬೇರೆ ಅಂಗಿ ತೊಡಿಸಿದರು ಅಂತ ಆಟದ ಚರಿತ್ರೆಗಳು ಹೇಳುತ್ತವೆ. ಒಂದೇ ತಂಡ, ಒಂದೇ ದೇಶ, ಅಂಗಿ ಮಾತ್ರ ಬೇರೆ. ಹೋಟೆಲಿನ ಬೇರೆ ಲೋಟ ಕಂಡ ನಮಗೆ ಈ ಬೇರೆ ಅಂಗಿಯ ಅರ್ಥ ತಟ್ಟನೆ ಹೊಳೆಯುತ್ತದೆ.

3

ಕೂಲಿ ಕಾನೂನಾದ ಮೇಲೆ ಇನ್ನೊಂದು ತೊಡಕು ಎದ್ದಿತು. ಆಟಗಾರನಿಗೆ ವಾರ ವಾರ ದುಡ್ಡು ಕೊಡಬೇಕು, ಆದರೆ ಪಂದ್ಯಗಳಿಗೆ ಗೊತ್ತುಗುರಿ ಇಲ್ಲ. ಗೊತ್ತಾದ ಪಂದ್ಯ ಕೊನೆ ಗಳಿಗೆಯಲ್ಲಿ ಬಿದ್ದುಹೋಗುತ್ತಿತ್ತು. ಜನ ಬಾರದಿದ್ದರೆ ಗೇಟಿನ ದುಡ್ಡಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ 1888ರ ಮಾರ್ಚ್ 2ರಂದು ಕೆಲವು ಕ್ಲಬ್ಬುಗಳಿಗೆ ಕಾಗದ ಬರೆದ. ಹತ್ತು ಹನ್ನೆರಡು ಕ್ಲಬ್ಬುಗಳು ಸೇರಿ, ಒಬ್ಬರ ಊರಿಗೆ ಒಬ್ಬರು ಹೋಗಿ ಬಂದು, ಮೊದಲೇ ಗೊತ್ತು ಮಾಡಿದ ದಿನ ಆಡೋಣ ಅನ್ನುವುದು ಸಾರಾಂಶ. ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನಲ್ಲಿ ಸಂಸ್ಥೆ ಹುಟ್ಟಿತು.

ಹೆಸರಿನ ಬಗ್ಗೆ ಒಂದು ಸಂಗತಿ ಹೇಳಲೇಬೇಕು. 'ಲೀಗ್' ಅನ್ನುವ ಪದ ಮೆಕ್‌ಗ್ರೆಗರನಿಗೆ ಹಿಡಿಸಲಿಲ್ಲ. ಯಾಕಂದರೆ ಆಗ ಲೀಗ್ ಅಂದರೆ ಜನರಿಗೆ ನೆನಪಾಗುತ್ತಿದ್ದದ್ದು ಐರ್ಲೆಂಡಿನ ಲ್ಯಾಂಡ್ ಲೀಗ್, 1879ರಲ್ಲಿ ಭೂಮಾಲೀಕರ ವಿರುದ್ಧ ಗೇಣಿದಾರರು ಕಟ್ಟಿದ ಸಂಘಟನೆ. ಅದನ್ನು ಕಟ್ಟಿದ ಮೈಕೇಲ್ ಡೇವಿಟ್ ಒಕ್ಕಲೆಬ್ಬಿಸಲ್ಪಟ್ಟ ಗೇಣಿದಾರನ ಮಗ. ಮನೆ ಕಳಕೊಂಡ ಸಂಸಾರ ಲ್ಯಾಂಕಾಷೈರಿಗೆ ಬಂತು. ಅಕ್ರಿಂಗ್ಟನ್ ಹತ್ತಿರದ ಹತ್ತಿ ಗಿರಣಿಯಲ್ಲಿ 11 ವರ್ಷದ ಡೇವಿಟ್‌ನ ಬಲಗೈ ಯಂತ್ರಕ್ಕೆ ಸಿಕ್ಕಿತು, ಕೈಯನ್ನು ಕತ್ತರಿಸಿದರು. ಅದೇ ಅಕ್ರಿಂಗ್ಟನ್ ಈ ಹೊಸ ಲೀಗಿನ ಹನ್ನೆರಡು ಊರುಗಳಲ್ಲಿ ಒಂದು! ಹೆಸರು ಕೊನೆಗೆ 'ಫುಟ್‌ಬಾಲ್ ಲೀಗ್' ಅಂತಲೇ ನಿಂತಿತು. ಹೆಸರು ರೈತರ ಹೋರಾಟದ್ದು, ಸಭೆಯಲ್ಲಿ ಕೂತವರು ವ್ಯಾಪಾರಿಗಳು, ಗಿರಣಿಯ ಮ್ಯಾನೇಜರುಗಳು. ಅಲ್ಲಿ ಆಟಗಾರರ ಕುರ್ಚಿ ಇರಲಿಲ್ಲ.

4

1888ರ ಸೆಪ್ಟೆಂಬರ್ 8, ಶನಿವಾರ. ಗಿರಣಿಯ ಸಿಳ್ಳೆ ಆದ ಮೇಲೆ ಐದು ಊರುಗಳಲ್ಲಿ ಆಟ ಶುರುವಾಯಿತು. ಬೋಲ್ಟನ್ನಿನಲ್ಲಿ ಕೆನ್ನಿ ಡೇವನ್‌ಪೋರ್ಟ್ 3 ಗಂಟೆ 47 ನಿಮಿಷಕ್ಕೆ ಹೊಡೆದದ್ದೇ ಲೀಗಿನ ಮೊದಲ ಗೋಲು ಅಂತ ಈಗ ಲೆಕ್ಕ ಹಾಕಿದ್ದಾರೆ. ಮೊದಲ ಗೋಲು ಹೊಡೆದ ಬೋಲ್ಟನ್ ಆರಕ್ಕೆ ಮೂರರಿಂದ ಡರ್ಬಿಗೆ ಸೋತಿತು. ಪ್ರೆಸ್ಟನ್ ಬರ್ನ್‌ಲಿಯನ್ನು ಐದಕ್ಕೆ ಎರಡರಿಂದ ಹೊಡೆಯಿತು.

ಹನ್ನೆರಡು ಕ್ಲಬ್ಬುಗಳಲ್ಲಿ ಆರು ಲ್ಯಾಂಕಾಷೈರಿನವು: ಪ್ರೆಸ್ಟನ್, ಬ್ಲ್ಯಾಕ್‌ಬರ್ನ್, ಬೋಲ್ಟನ್, ಬರ್ನ್‌ಲಿ, ಅಕ್ರಿಂಗ್ಟನ್, ಎವರ್ಟನ್. ಇನ್ನಾರು ಮಧ್ಯ ಇಂಗ್ಲೆಂಡಿನವು: ಆಸ್ಟನ್ ವಿಲ್ಲಾ, ವುಲ್ವರ್‌ಹ್ಯಾಂಪ್ಟನ್, ವೆಸ್ಟ್ ಬ್ರಾಮ್‌ವಿಚ್, ಡರ್ಬಿ, ನಾಟ್ಸ್ ಕೌಂಟಿ, ಸ್ಟೋಕ್. ಹತ್ತಿ, ಕಬ್ಬಿಣ, ರೈಲು, ಮಡಕೆ-ಪಿಂಗಾಣಿ, ಇವೇ ಆ ಊರುಗಳ ಕಸುಬು. ವೆಸ್ಟ್ ಬ್ರಾಮ್‌ವಿಚ್ ತಂಡ ಹುಟ್ಟಿದ್ದು ತಕ್ಕಡಿಗೆ ಸ್ಪ್ರಿಂಗ್ ಮಾಡುವ ಕಾರ್ಖಾನೆಯ ಕೆಲಸಗಾರರಿಂದ. ಲಂಡನ್ನಿನ ಒಂದು ಕ್ಲಬ್ಬೂ ಇರಲಿಲ್ಲ. 'ರಾಷ್ಟ್ರೀಯ' ಲೀಗ್ ಅನ್ನುವುದು ನಿಜವಾಗಿ ದುಡಿಯುವವರ ಊರುಗಳ ಲೀಗಾಗಿತ್ತು.

ತಮಾಷೆ ಅಂದರೆ ಆಟ ಶುರುವಾದಾಗ ಗೆದ್ದರೆ ಎಷ್ಟು ಅಂಕ, ಸಮವಾದರೆ ಎಷ್ಟು ಅನ್ನುವುದೇ ತೀರ್ಮಾನವಾಗಿರಲಿಲ್ಲ. ನವೆಂಬರಿನಲ್ಲಿ ಕೂತು ಗೆದ್ದರೆ ಎರಡು, ಸಮಕ್ಕೆ ಒಂದು ಅಂತ ಮಾಡಿದರು. ಜನವರಿ ಹೊತ್ತಿಗೇ ಪ್ರೆಸ್ಟನ್ನನ್ನು ಯಾರೂ ಹಿಡಿಯಲಾರದಾದರು. 22 ಪಂದ್ಯ, 18 ಗೆಲುವು, 4 ಸಮ, ಸೋಲು ಒಂದೂ ಇಲ್ಲ. 74 ಗೋಲು ಹೊಡೆದು 15 ಬಿಟ್ಟುಕೊಟ್ಟು 40 ಅಂಕ. ಎರಡನೆಯ ಆಸ್ಟನ್ ವಿಲ್ಲಾಕ್ಕೆ 29, ಕೊನೆಯ ಸ್ಟೋಕ್‌ಗೆ 12. 1889ರ ಮಾರ್ಚ್ 30ರಂದು ವುಲ್ವರ್‌ಹ್ಯಾಂಪ್ಟನ್ನನ್ನು ಮೂರು ಸೊನ್ನೆಯಿಂದ ಸೋಲಿಸಿ ಕಪ್ಪನ್ನೂ ಗೆದ್ದರು. ಆ ಕಪ್ಪಿನ ಯಾವ ಪಂದ್ಯದಲ್ಲೂ ಅವರು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಚೆಂಡನ್ನು ಒಬ್ಬನೇ ಎಳೆದುಕೊಂಡು ಹೋಗುವುದು ದೊಡ್ಡವರ ಶಾಲೆಯ ಶೈಲಿ. ಒಬ್ಬರಿಂದೊಬ್ಬರಿಗೆ ದಾಟಿಸಿ ಆಡುವುದು ಸ್ಕಾಟ್ಲೆಂಡಿನಿಂದ ಬಂದವರ ಶೈಲಿ. ಪ್ರೆಸ್ಟನ್ನಿನ ಬಲವೆಲ್ಲ ಆ ಸ್ಕಾಟರೇ. ಊರು ಬಿಟ್ಟು ಕೂಲಿಗೆ ಬಂದವರು ಹಂಚಿಕೊಂಡು ಆಡಿ ಗೆದ್ದರು.

ಗೆಲುವನ್ನು ನಾವು ಸಣ್ಣದು ಮಾಡುವುದಿಲ್ಲ. ಕೂಲಿ ಕೇಳುವುದು ನಾಚಿಕೆಯಲ್ಲ, ಮೈಯ ಕಸುಬಿಗೂ ಬೆಲೆ ಇದೆ ಅನ್ನುವುದನ್ನು ಆ ವರ್ಷ ಸಾಬೀತು ಮಾಡಿತು. ಆದರೆ ಲೆಕ್ಕದ ಪುಸ್ತಕ? ಪ್ರೆಸ್ಟನ್ನಿನ ಸಡೆಲ್ ಗಿರಣಿಯ ಮ್ಯಾನೇಜರ್. ತಂಡ ಕಟ್ಟಲು ಸುರಿದ ದುಡ್ಡಿನಲ್ಲಿ ಗಿರಣಿಯ ದುಡ್ಡೂ ಇತ್ತು. 1895ರಲ್ಲಿ ಲೆಕ್ಕ ತಿದ್ದಿದ್ದು ಬಯಲಾಗಿ ಮೂರು ವರ್ಷ ಜೈಲಾಯಿತು. ಆ ದುಡ್ಡು ಧಣಿಯದು ಅಂತ ಕೋರ್ಟು ಹೇಳಿತು. ಆ ದುಡ್ಡನ್ನು ನೂತವರು ಯಾರು ಅಂತ ಯಾರೂ ಕೇಳಲಿಲ್ಲ.

5

ಗೆದ್ದ ತಂಡದ ಪಟ್ಟಿಯಲ್ಲಿ ಇರಬೇಕಾಗಿದ್ದ ಒಂದು ಹೆಸರು ಇಲ್ಲ. ಆರ್ಥರ್ ವಾರ್ಟನ್. 1865ರಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿನ, ಈಗಿನ ಘಾನಾದ, ಅಕ್ರಾದಲ್ಲಿ ಹುಟ್ಟಿದ ಕಪ್ಪು ಹುಡುಗ. ಓದಲು ಇಂಗ್ಲೆಂಡಿಗೆ ಬಂದವನು 1886ರಲ್ಲಿ ನೂರು ಗಜವನ್ನು ಹತ್ತು ಸೆಕೆಂಡಿನಲ್ಲಿ ಓಡಿ ರಾಷ್ಟ್ರದ ಚಾಂಪಿಯನ್ ಆದ. 1886-87ರಲ್ಲಿ ಪ್ರೆಸ್ಟನ್ನಿನ ಗೋಲ್‌ಕೀಪರ್ ಆಗಿ ಕಪ್ಪಿನ ಸೆಮಿಫೈನಲ್ ಆಡಿದ. ಲೀಗ್ ಶುರುವಾಗುವ ಹೊತ್ತಿಗೆ ಓಟದ ದುಡಿಮೆ ನಂಬಿ ತಂಡ ಬಿಟ್ಟಿದ್ದ. 1889ರಲ್ಲಿ ರಾದರಮ್ ಸೇರಿ ಕೂಲಿಗೆ ಆಡಿದ, ಆಮೇಲೆ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದ. ಆಟ ಮುಗಿದ ಮೇಲೆ ಕಲ್ಲಿದ್ದಲ ಗಣಿಗೆ ಇಳಿದ. 1930ರಲ್ಲಿ ಸತ್ತಾಗ ಗೋರಿಗೆ ಒಂದು ಕಲ್ಲೂ ಇರಲಿಲ್ಲ. ವರ್ಣಭೇದದ ವಿರುದ್ಧ ಕೆಲಸ ಮಾಡುವವರು 1997ರಲ್ಲಿ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸಿದರು. 67 ವರ್ಷ ಬೇಕಾಯಿತು!

ಹೆಂಗಸರದೂ ಇದೇ ಕಥೆ. ಅದೇ ಪ್ರೆಸ್ಟನ್ನಿನ ಕಾರ್ಖಾನೆಯ ಹುಡುಗಿಯರು ಮೊದಲ ಮಹಾಯುದ್ಧದ ಕಾಲದಲ್ಲಿ ಡಿಕ್, ಕರ್ ಲೇಡೀಸ್ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರ ಆಟ ನೋಡಲು 53,000 ಜನ ಸೇರಿದರು. ಮರುವರ್ಷವೇ ಅಸೋಸಿಯೇಷನ್ ತನ್ನ ಕ್ಲಬ್ಬುಗಳ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿತು. ಸುಮಾರು 50 ವರ್ಷ ಆ ಗೇಟು ತೆರೆಯಲಿಲ್ಲ.

ಇದು ದೂರದ ಕಥೆ, ನಮಗೇನು ಅನ್ನುವವರಿಗೆ ಒಂದು ಮಾತು. ಆ ಗಿರಣಿಗಳ ಹತ್ತಿಗೆ ನಮ್ಮ ಮಣ್ಣಿನ ನಂಟಿದೆ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ಲ್ಯಾಂಕಾಷೈರಿನ ಗಿರಣಿಗಳು ಮುಚ್ಚಿದಾಗ, ಮ್ಯಾಂಚೆಸ್ಟರಿನ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಒತ್ತಡದಲ್ಲೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ನಮ್ಮ ಊರುಗಳಿಗೆ ಮರಳಿ ಬಂದದ್ದು ಕೈಮಗ್ಗ ಮುರಿಯುವ ಗಿರಣಿ ಬಟ್ಟೆ.

ಅದೇ ಧಾರವಾಡದಲ್ಲಿ 1870ರ ದಶಕದಲ್ಲಿ ಚಮ್ಮಾರರ ಮನೆಯಲ್ಲಿ ಹುಟ್ಟಿದವನು ಪಲವಂಕರ್ ಬಾಳೂ. ಅವನ ಆಟ ಕ್ರಿಕೆಟ್. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನ ಹಸನು ಮಾಡುತ್ತಾ, ಸಾಹೇಬರಿಗೆ ಚೆಂಡು ಎಸೆಯುತ್ತಾ ಬೌಲರ್ ಆದ. ಬಿಳಿಯರನ್ನು ಸೋಲಿಸಲು ಹಿಂದೂ ತಂಡಕ್ಕೆ ಅವನ ಕೈ ಬೇಕಾಯಿತು. ಆಟದ ನಡುವೆ ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ಕಿತ್ತ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಕೊಡಲಿಲ್ಲ. ವರ್ಗ ಬೇರೆ, ಜಾತಿ ಬೇರೆ, ಎರಡೂ ಒಂದೇ ಅಂತ ನಾವು ಹೇಳುತ್ತಿಲ್ಲ. ಫಾರೆಸ್ಟ್ ಮನೆಗೆ ಹೋಗಿ ಆ ಅಂಗಿ ಬಿಚ್ಚಬಹುದಿತ್ತು. ಬಾಳೂವಿನ ಕುಡಿಕೆ ಹುಟ್ಟಿನಿಂದಲೇ ಅವನ ಜೊತೆ ಬಂದದ್ದು.

6

ಮೊದಲ ವರ್ಷದ ಆಟಗಾರರಿಗೆ ಮುಂದೆ ಏನು ಸಿಕ್ಕಿತು? 1890ರ ದಶಕದಲ್ಲಿ ಲೀಗು ಒಂದು ಕಟ್ಟಳೆ ಮಾಡಿತು. ಕರಾರು ಮುಗಿದರೂ ಕ್ಲಬ್ಬು ಬಿಡದೆ ಆಟಗಾರ ಲೀಗಿನ ಬೇರೆ ಕ್ಲಬ್ಬಿಗೆ ಹೋಗುವಂತಿಲ್ಲ. ಸಂಬಳ ಕೊಡದೆಯೂ ಅವನನ್ನು ಹಿಡಿದಿಡಬಹುದು, ಬೇಕಾದರೆ ಮಾರಬಹುದು. ಇದಕ್ಕೆ ಅವರು ಏನೇ ಹೆಸರಿಡಲಿ, ಜೀತದ ಪತ್ರ ಕಂಡ ನಮಗೆ ಇದರ ಗುರುತು ಹತ್ತುತ್ತದೆ. 1901ರಲ್ಲಿ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಯಾರಿಗೂ ಕೊಡಕೂಡದು ಅಂತ ಮಿತಿ ಹಾಕಿದರು. ಗೇಟಿನ ದುಡ್ಡಿಗೆ ಮಿತಿ ಇರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ. ಇಲ್ಲಿ ಕೆಸರಾದದ್ದು ಒಬ್ಬರ ಕಾಲು, ಮೊಸರು ಇನ್ನೊಬ್ಬರ ಬಾಯಿಗೆ.

1907ರಲ್ಲಿ ಆಟಗಾರರು ಮ್ಯಾಂಚೆಸ್ಟರಿನಲ್ಲಿ ಯೂನಿಯನ್ ಕಟ್ಟಿದರು. ಮುಂದೆ ನಿಂತವರಲ್ಲಿ ಬಿಲ್ಲಿ ಮೆರೆಡಿತ್ ಒಬ್ಬ, ಗಣಿಯಲ್ಲಿ ದುಡಿದು ಬಂದವನು. 1909ರಲ್ಲಿ ಅಸೋಸಿಯೇಷನ್ ಬೆದರಿಕೆ ಹಾಕಿತು: ಯೂನಿಯನ್ ಬಿಡಿ, ಇಲ್ಲವೇ ಆಟ ಬಿಡಿ. ಬಹಳ ಜನ ಬಿಟ್ಟರು. ಮ್ಯಾಂಚೆಸ್ಟರ್ ಯುನೈಟೆಡ್ಡಿನವರು ಬಿಡಲಿಲ್ಲ. ಒಟ್ಟಿಗೆ ಕೂತು ಫೋಟೋ ತೆಗೆಸಿಕೊಂಡರು. ಎದುರಿಗಿಟ್ಟ ಹಲಗೆಯ ಮೇಲೆ ತಮ್ಮ ತಂಡದ ಹೊಸ ಹೆಸರು ಬರೆದಿದ್ದರು. ಆ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಬಹಿಷ್ಕೃತರ ಫುಟ್‌ಬಾಲ್ ಕ್ಲಬ್'.

ಈ ಪದ ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಅಂಬೇಡ್ಕರ್ 1924ರಲ್ಲಿ ಸಭೆ ಕಟ್ಟಿದಾಗ, 1927ರಲ್ಲಿ ಪತ್ರಿಕೆ ತೆಗೆದಾಗ ಆರಿಸಿಕೊಂಡ ಪದವೂ ಇದೇ. ಬಹಿಷ್ಕೃತ. ಆ ಆಟಗಾರರಿಗೆ ಅದು ಕೆಲವು ವಾರಗಳ ಹೆಸರು, ಒಪ್ಪಂದವಾಗಿ ಮತ್ತೆ ಮೈದಾನಕ್ಕೆ ಹೋದರು. ನಮ್ಮವರಿಗೆ ಅದು ಸಾವಿರಾರು ವರ್ಷಗಳ ಹೆಸರು. ಆದರೂ ಹೊರಗೆ ಹಾಕಿದವರು ಕೊಟ್ಟ ಹೆಸರನ್ನೇ ಹಲಗೆಗೆ ಬರೆದು ಎದೆ ಎದುರು ಇಟ್ಟುಕೊಳ್ಳುವ ಧೈರ್ಯ ಇದೆಯಲ್ಲ, ಅದು ಎಲ್ಲಿ ಕಂಡರೂ ನಮ್ಮದು.

ಸಂಬಳದ ಮಿತಿ ಹೋದದ್ದು 1961ರಲ್ಲಿ, ಆಟಗಾರರು ಮುಷ್ಕರಕ್ಕೆ ಸಿದ್ಧರಾದ ಮೇಲೆ. ಹಿಡಿದಿಡುವ ಕಟ್ಟಳೆ ನ್ಯಾಯವಲ್ಲ ಅಂತ ಕೋರ್ಟು ಹೇಳಿದ್ದು 1963ರಲ್ಲಿ, ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ತನ್ನ ಕ್ಲಬ್ಬಿನ ವಿರುದ್ಧ ಹೋದ ಮೇಲೆ. ಲೀಗಿನ ಮೊದಲ ಸಿಳ್ಳೆಯಿಂದ ಅಲ್ಲಿಗೆ 75 ವರ್ಷ. ಇವತ್ತು ನಮ್ಮ ದೇಶದಲ್ಲೂ ಲೀಗುಗಳು ಬಂದಿವೆ, ಆಟಗಾರರನ್ನು ಟೀವಿಯ ಮುಂದೆ ಹರಾಜು ಕೂಗುತ್ತಾರೆ. ಕೋಟಿಗಳ ಸದ್ದಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ತಟ್ಟೋಣ, ಆಟ ಯಾರಿಗೆ ಬೇಡ? ಆದರೆ ಕೇರಿಯ ಹುಡುಗ ಬರಿಗಾಲಲ್ಲಿ ಚೆಂಡು ಒದೆಯುವಾಗ ಅವನಿಗೆ ಎರಡು ಸಂಗತಿ ಹೇಳಿಕೊಡೋಣ. ನಿನ್ನ ಕಾಲಿಗೆ ಕೂಲಿ ಕೇಳು, ಅದು ನಾಚಿಕೆಯಲ್ಲ. ಕೂಲಿ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡ, ಸಮಿತಿಯ ಕೋಣೆಯ ಬಾಗಿಲನ್ನೂ ತಟ್ಟು. ಪ್ರೆಸ್ಟನ್ನಿನವರು ಒಂದು ಪಂದ್ಯವನ್ನೂ ಸೋಲದೆ ಲೀಗು ಗೆದ್ದರು. ಆ ಕೋಣೆಯೊಳಗೆ ಅವರಿಗೆ ಒಂದು ಕುರ್ಚಿಯೂ ಇರಲಿಲ್ಲ.